ಯೂಟ್ಯೂಬನ್ನು ರೂಟರ್‌ನಲ್ಲೇ ತಡೆಯಬಹುದೇ?

ಕಲಬುರಗಿಯ ಸದಸ್ಯೆ, ಮೆಲ್ಬರ್ನ್:
ಎಲ್ಲರಿಗೂ ಶರಣು. ನಮ್ಮ ಹನ್ನೆರಡು ವರ್ಷದ ಮಗ ನಾವು ಮಲಗಿದ ಮೇಲೆ ಟ್ಯಾಬ್ಲೆಟ್‌ನಲ್ಲಿ ಯೂಟ್ಯೂಬ್ ನೋಡುತ್ತಿದ್ದಾನೆ. ಹದಿನಾರರೊಳಗಿನವರ ಸಾಮಾಜಿಕ ಜಾಲತಾಣ ಖಾತೆಗಳನ್ನು ನಿರ್ಬಂಧಿಸುವ ಕಾನೂನು ಇಲ್ಲಿ 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿದ್ದರೂ ಖಾತೆಯಿಲ್ಲದೆ ವಿಡಿಯೋ ನೋಡಲು ಅಡ್ಡಿಯಿಲ್ಲ. ರೂಟರ್‌ನಲ್ಲಿ ಮ್ಯಾಕ್ ವಿಳಾಸದ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಮೂಲಕ ತಡೆದರೂ ಟ್ಯಾಬ್ಲೆಟ್ ಹೊಸ ಸಾಧನವೆಂಬಂತೆ ಮತ್ತೆ ಸೇರಿಕೊಂಡಿತು. ಶಾಲೆಯ ಪಾಠಕ್ಕೆ ಇಂಟರ್ನೆಟ್ ಬೇಕಿರುವುದರಿಂದ ಪೂರ್ತಿ ನಿಲ್ಲಿಸುವಂತಿಲ್ಲ. ಏನು ಮಾಡಬಹುದು?

ಬೀದರಿನ ಸದಸ್ಯರು, ಡಬ್ಲಿನ್:
ಅಕ್ಕನವರೇ, ಐಒಎಸ್ 14 ಮತ್ತು ಆಂಡ್ರಾಯ್ಡ್ 10ರಿಂದೀಚೆಗೆ ಸಾಧನಗಳು ವೈಫೈಗೆ ತಮ್ಮ ಮೂಲ ಮ್ಯಾಕ್ ವಿಳಾಸದ ಬದಲು ತಾವೇ ಹುಟ್ಟಿಸಿಕೊಂಡ ವಿಳಾಸವನ್ನು ಕೊಡುತ್ತವೆ. ಮನೆಯ ವೈಫೈ ಮಟ್ಟಿಗೆ ಆ ಆಯ್ಕೆಯನ್ನು ಆಫ್ ಮಾಡಿ, ರೂಟರ್‌ನಲ್ಲಿ ನೀವು ಒಪ್ಪಿದ ಸಾಧನಗಳಿಗೆ ಮಾತ್ರ ಪ್ರವೇಶ ಕೊಡಿ. ಯೂಟ್ಯೂಬಿನ ಐಪಿ ವಿಳಾಸಗಳನ್ನು, ಅಂದರೆ ಅದರ ಸರ್ವರ್‌ಗಳ ಸಂಖ್ಯಾರೂಪದ ವಿಳಾಸಗಳನ್ನು, ತಡೆಯಲು ಹೋಗಬೇಡಿ. ಗೂಗಲ್‌ನ ಬೇರೆ ಸೇವೆಗಳೂ ಅವನ್ನೇ ಬಳಸಬಹುದಾದ್ದರಿಂದ ಶಾಲೆಯ ಪಾಠದ ಗೂಗಲ್ ಕ್ಲಾಸ್‌ರೂಮೂ ನಿಂತೀತು. ತಾಣದ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ಡಿಎನ್‌ಎಸ್‌ನಲ್ಲಿ ಹೆಸರು ಹಿಡಿದು ತಡೆಯಿರಿ, ಯೂಟ್ಯೂಬ್.ಕಾಮ್ ಜೊತೆಗೆ ವಿಡಿಯೋ ಹರಿದುಬರುವ ಗೂಗಲ್‌ವಿಡಿಯೋ.ಕಾಮ್ ಕೂಡ ಪಟ್ಟಿಯಲ್ಲಿರಲಿ. ಹಲವರು ಹೇಳುವ 1.1.1.3 ಎಂಬ ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ವಯಸ್ಕರ ತಾಣಗಳನ್ನೂ ಕುತಂತ್ರಾಂಶವನ್ನೂ ತಡೆಯುತ್ತದೆಯೇ ಹೊರತು ಯೂಟ್ಯೂಬನ್ನಲ್ಲ.

ಯಾದಗಿರಿಯ ಹಿರಿಯ ಸದಸ್ಯರು, ನ್ಯೂಜೆರ್ಸಿ:
ತಂಗಿ, ಈ ಸಂಖ್ಯೆಗಳ ಗೊಡವೆಯೇ ಬೇಡ. ಬೀಗ ಹಾಕಿದಷ್ಟೂ ಹುಡುಗ ಬೀಗ ತೆಗೆಯುವುದನ್ನೇ ಕಲಿಯುತ್ತಾನೆ. ನನ್ನ ಹೆಣ್ಣುಮಕ್ಕಳಿಬ್ಬರೂ ಯಾವ ತಡೆಯೂ ಇಲ್ಲದೆ ಬೆಳೆದು ವೈದ್ಯರಾಗಿದ್ದಾರೆ. ಪ್ರತಿ ಬೇಸಿಗೆ ರಜೆಗೆ ಅವರನ್ನು ಶಹಾಪುರದ ಅಜ್ಜಿಯ ಮನೆಗೆ ಕಳುಹಿಸುತ್ತಿದ್ದೆ. ನೀವೂ ಮಗನನ್ನು ಊರಿಗೆ ಕಳುಹಿಸಿ.

ಕಲಬುರಗಿಯ ಸದಸ್ಯೆ, ಲಂಡನ್:
ಹಿರಿಯರು ಹೇಳುವ ಕಾಲದಲ್ಲಿ ಕಂಪ್ಯೂಟರ್ ನಡುಮನೆಯಲ್ಲಿತ್ತು, ಈಗ ಅದು ಹೊದಿಕೆಯೊಳಗಿದೆ. ಊರಿನಲ್ಲೂ ನನ್ನ ಅಣ್ಣನ ಮಕ್ಕಳು ವೈಫೈ ನಿಂತರೆ ಮೊಬೈಲ್ ಡೇಟಾಕ್ಕೆ ಹೊರಳುತ್ತಾರೆ, ಅಲ್ಲಿ ರೂಟರ್‌ನ ಮಾತು ನಡೆಯುವುದಿಲ್ಲ. ಆದರೂ ಪೂರ್ತಿ ತಡೆಯುವ ಮುನ್ನ ಯೋಚಿಸಿ. ನನ್ನ ಮಗಳಿಗೆ ವಚನಗಳ ಹಾಡು ಸಿಗುತ್ತಿದ್ದುದು ಯೂಟ್ಯೂಬಿನಲ್ಲೇ. ಅದನ್ನು ನಿಲ್ಲಿಸಿದ ಮೇಲೆ ಮನೆಯಲ್ಲಿ ಅವಳ ಕನ್ನಡವೂ ಕಡಿಮೆಯಾಗಿದೆ.

ಯಾದಗಿರಿಯ ಹಿರಿಯ ಸದಸ್ಯರು, ನ್ಯೂಜೆರ್ಸಿ:
ಕನ್ನಡ ಬರುವುದು ಅಜ್ಜಿಯಿಂದ, ಯೂಟ್ಯೂಬಿನಿಂದಲ್ಲ. ನಾನು ಹೇಳಿದ್ದೂ ಅದನ್ನೇ.

ಬೀದರಿನ ಸದಸ್ಯರು, ಡಬ್ಲಿನ್:
ಮೂಲ ಪ್ರಶ್ನೆಗೆ ಇನ್ನೊಂದು ಮಾತು. ಆಂಡ್ರಾಯ್ಡ್‌ನ ಖಾಸಗಿ ಡಿಎನ್‌ಎಸ್ ರೂಟರ್‌ನ ಡಿಎನ್‌ಎಸ್ ತಡೆಯನ್ನು ದಾಟಿ, ಸಾಮಾನ್ಯವಾಗಿ 853ನೇ ಪೋರ್ಟ್‌ನಲ್ಲಿ (ಸಂಪರ್ಕದ ಸಂಖ್ಯೆಯಿಟ್ಟ ಬಾಗಿಲು) ಹೊರಹೋಗುವುದರಿಂದ ರೂಟರ್‌ನಲ್ಲಿ ಆ ಪೋರ್ಟ್ ಮುಚ್ಚಬೇಕು. ಬ್ರೌಸರ್‌ಗಳ ಎನ್‌ಕ್ರಿಪ್ಟ್ ಆದ ಡಿಎನ್‌ಎಸ್ ಎಲ್ಲ ತಾಣಗಳೂ ಬಳಸುವ 443ರಲ್ಲೇ ಸಾಗುತ್ತದೆ, ಅದನ್ನು ಮುಚ್ಚಲಾಗದು. ಟ್ಯಾಬ್ಲೆಟ್‌ನ ಬ್ರೌಸರ್‌ನಲ್ಲೇ ಆಫ್ ಮಾಡಬೇಕು.

ಕಲಬುರಗಿಯ ಸದಸ್ಯೆ, ಮೆಲ್ಬರ್ನ್:
ಧನ್ಯವಾದಗಳು. ಇಂಟರ್ನೆಟ್ ಕಂಪನಿ ಕೊಟ್ಟ ನಮ್ಮ ರೂಟರ್‌ನಲ್ಲಿ ಪೋರ್ಟ್ ಮುಚ್ಚುವ ಆಯ್ಕೆಯೇ ಕಾಣುತ್ತಿಲ್ಲ, ಅದರ ಹಿಂದೆ ಬೇರೊಂದು ರೂಟರ್ ಇಡಬಹುದೇ? ಹಿರಿಯರೇ, ನಮ್ಮಲ್ಲಿ ಬೇಸಿಗೆ ರಜೆ ಬರುವುದು ಡಿಸೆಂಬರಿನಲ್ಲಿ.

ಯಾದಗಿರಿಯ ಹಿರಿಯ ಸದಸ್ಯರು, ನ್ಯೂಜೆರ್ಸಿ:
ಇನ್ನೂ ಒಳ್ಳೆಯದಾಯಿತು. ಆಗ ನಮ್ಮ ಕಡೆ ಬಿಸಿಲಿನ ಕಾಟವಿರುವುದಿಲ್ಲ, ಹೊಲದಲ್ಲಿ ಹಸಿ ತೊಗರಿಕಾಯಿಯೂ ಸಿಗುತ್ತದೆ. ಟಿಕೆಟ್ ಈಗಲೇ ಮಾಡಿಸಿ.