ಹಳೇ ಟ್ರ್ಯಾಕ್ಟರ್ ತಗೊಳ್ಳೋ ಮುಂದ ಏನೇನ್ ನೋಡ್ಬೇಕು? ಮಿಸ್ತ್ರಿಯವರಿಗೆ ಕೇಳ್ರಿ

ಅಡ್ಮಿನ್: ಗುಂಪಿನ ಎಲ್ಲರಿಗೂ ಶರಣು. ತೊಗರಿ ರೊಕ್ಕ ಕೈಗೆ ಬಂದದ, ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕ್ಲತ್ತವ್ರು ಭಾಳ ಮಂದಿ ಅದಾರ. ಕಲಬುರಗಿಯಾಗ 22 ವರ್ಷದಿಂದ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಕಟ್ಟೋ ನಮ್ಮ ಮಿಸ್ತ್ರಿಯವರು ಇವತ್ತ ರಾತ್ರಿ ಉತ್ತರ ಕೊಡ್ತಾರ. ಒಬ್ಬರು ಒಂದೇ ಪ್ರಶ್ನಿ ಕೇಳ್ರಿ, ಹೆಸರಿನ ಬದ್ಲಿ ನಿಮ್ಮ ಊರು ಹಾಕ್ರಿ.

ಸೇಡಂ: ಮಿಸ್ತ್ರಿ ಅಣ್ಣಾ, ಎಷ್ಟು ತಾಸು ಓಡಿದ್ದು ತಗೋಬಹುದು?

ಮಿಸ್ತ್ರಿ: ಹೊಲದ ಕೆಲಸದ ಗಾಡಿ ವರ್ಷಕ್ಕ 500ರಿಂದ 1000 ತಾಸು ಓಡ್ತದ. 8 ವರ್ಷದ ಗಾಡಿ ಮೀಟರಿನ್ಯಾಗ 1500 ಇತ್ತಂದ್ರ ಯಾಕ ಅಂತ ಕೇಳ್ರಿ. ಹಳೇ ಕೇಬಲ್ ಮೀಟರ್ ಎಂಜಿನ್ ಸುತ್ತು ಎಣಸ್ತದ, ಗಡಿಯಾರ ಅಲ್ಲ. ಕೇಬಲ್ ಕಳಚಿದ್ರ ಮೀಟರ್ ನಿಲ್ತದ, ಗಾಡಿ ದುಡೀತಾನೇ ಇರ್ತದ.

ಆಳಂದ: ಫಾರ್ವರ್ಡ್ ಬಂದದ ನೋಡ್ರಿ. "ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಶಿಣ ಹಾಕಿ, ಖರ್ಚಿಲ್ಲದೆ ಸೋರಿಕೆ ಬಂದ್. ಹೊಗೆ ಜಾಸ್ತಿಯಾದರೆ ಡೀಸೆಲ್‌ಗೆ ಪೆಟ್ರೋಲ್ ಬೆರೆಸಿ." ಖರೇ ಏನ್ರಿ?

ಮಿಸ್ತ್ರಿ: ಎರಡೂ ಮಾಡಬ್ಯಾಡ್ರಿ. ಅರಿಶಿಣ ರೇಡಿಯೇಟರಿನ ಸಣ್ಣ ನಳಿಗೋಳಾಗ ಕುಂತು ನೀರಿನ ದಾರಿ ಕಟ್ತದ, ಎಂಜಿನ್ ಕಾದು ಬಿಸಿ ಆಗ್ತದ. ಡೀಸೆಲ್ ಪಂಪಿಗೆ ಜಾರಕಿ ಕೊಡೋದು ಡೀಸೆಲ್ಲೇ, ಪೆಟ್ರೋಲ್ ಬೆರಸಿದ್ರ ಪಂಪು ಸವದು ಹೋಗ್ತದ. ಬೆಂಕಿ ಭಯ ಬ್ಯಾರೆ.

ಚಿತ್ತಾಪುರ: ಅಣ್ಣಾ, ನಂದು ಸ್ವಲ್ಪ ನೋಡ್ರಿ. 2017 ಮಾಡೆಲ್, 45 ಎಚ್‌ಪಿ, ಮೀಟರ್ 2140. 3 ಲಕ್ಷ 80 ಸಾವಿರ ಅಂತಾರ. 20 ಸಾವಿರ ಬಯಾನಾ (ಮುಂಗಡ) ಕೊಟ್ಟೀನಿ. ನಾ ಹೋಗೋದ್ರಾಗ ಎಂಜಿನ್ ಬಿಸಿ ಇತ್ತು. ಬಣ್ಣ ಹೊಸದು ಹೊಡದಾರ. ಬ್ರೇಕ್ ಪೆಡಲ್ ಗೆರಿ ಸವದು ನುಣ್ಣಗ ಆಗ್ಯಾವ. ಟ್ರಾಲಿ ಪಿನ್ನಿನ ತೂತು ದುಂಡಗಿಲ್ಲ, ತತ್ತಿ ಹಂಗ ಆಗ್ಯದ. ರೇಡಿಯೇಟರ್ ನೀರು ಹಳದಿ, ಕೂಲಂಟ್ (ಎಂಜಿನ್ ತಂಪು ಮಾಡೋ ದ್ರವ) ಅಂತ ಹೇಳಿದ್ರು.

ಮಿಸ್ತ್ರಿ: ಉಳಿದವ್ರು ಸ್ವಲ್ಪ ತಡೀರಿ, ಇದು ನನಗ ಚಿಂತಿ ಹಚ್ಚೇದ.

ತಮ್ಮಾ, 2140 ತಾಸಿಗೆ ಪೆಡಲ್ ಗೆರಿ ಅಳಿಯಂಗಿಲ್ಲ. ಪಿನ್ನಿನ ತೂತು ತತ್ತಿ ಆಗ್ಬೇಕಂದ್ರ ವರ್ಷಾನುಗಟ್ಟಲೆ ಭಾರ ಎಳದಿರಬೇಕು, ಕಬ್ಬು ಇಲ್ಲಾ ಶಹಾಬಾದ ಕಲ್ಲು. ಡ್ಯಾಶ್‌ಬೋರ್ಡಿನ ಸ್ಕ್ರೂ ನೋಡು. ಸುತ್ತಲಿನ ತಗಡು ಹಳೇದಾಗಿ ಸ್ಕ್ರೂ ಹೊಳೀಲತ್ತಿದ್ರ, ಸ್ಕ್ರೂ ತಲಿ ಮ್ಯಾಲ ಸ್ಕ್ರೂಡ್ರೈವರ್ ಜಾರಿದ ಗೆರಿ ಇದ್ರ, ಮೀಟರ್ ಬಿಚ್ಚ್ಯಾರ. ಹಿಂದಿನ ಟೈರಿನ ಮ್ಯಾಲ ನಾಕು ಅಂಕಿ ಇರ್ತಾವ. 4121 ಇದ್ರ 2021ರ 41ನೇ ವಾರದ್ದು. ಬರೇ 2140 ತಾಸಿನ ಗಾಡಿಗೆ ನಾಕೇ ವರ್ಷದಾಗ ಟೈರ್ ಯಾಕ ಬದಲಾದ್ವು, ಕೇಳು.

ಹಳದಿ ನೀರಿಂದು ದೊಡ್ಡ ಮಾತು. ಕೂಲಂಟ್ ಹಳದಿನೂ ಬರ್ತದ, ಆದ್ರ ಅದರಾಗ ಗಸಿ ಕೂಡಂಗಿಲ್ಲ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಬ್ಯಾಡ, ಮಾರಿ ಸುಡ್ತದ. ಮುಂಜಾನಿ ಹೇಳದೇ ಹೋಗು, ಎಂಜಿನ್ ತಂಪಿದ್ದಾಗ ಬೆರಳು ಹಾಕಿ ತಿಕ್ಕಿ ನೋಡು. ಬೆರಳಿಗೆ ಪುಡಿ ಹತ್ತಿದ್ರ ಅರಿಶಿಣ. ಆಮ್ಯಾಲ ಕ್ಯಾಪ್ ತೆಗದಿಟ್ಟೇ ಸ್ಟಾರ್ಟ್ ಮಾಡ್ಸು. ನೀರಾಗ ಗುಳ್ಳಿ ಒಂದೇ ಸವನೆ ಏಳ್ತಿದ್ರ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲಿ ಕೆಳಗಿನ ಪಟ್ಟಿ) ಹೋಗ್ಯದ. ಡಿಪ್‌ಸ್ಟಿಕ್ಕಿನ (ಆಯಿಲ್ ನೋಡೋ ಕಡ್ಡಿ) ಆಯಿಲ್ ಹಾಲು ಬೆರಸಿದ ಚಹಾ ಹಂಗಿದ್ರ ನೀರು ಆಯಿಲಿಗೆ ಇಳದದ. ಆಯಿಲ್ ಹಾಕೋ ಮುಚ್ಚಳ ತೆಗಿ, ಅಲ್ಲಿಂದ ಬುಸ್ ಬುಸ್ ಅಂತ ಹೊಗಿ ಬಂದ್ರ ಎಂಜಿನ್ ಒಳಗಿನ ರಿಂಗ್, ಲೈನರ್ ಸವದಾವ. ಸೈಲೆನ್ಸರಿನ್ಯಾಗ ನೀಲಿ ಹೊಗಿ ಬಂದ್ರೂ ಅದೇ ಅರ್ಥ. ಬಾಕಿ ರೊಕ್ಕ ಈಗ ಕೊಡಬ್ಯಾಡ.

ಅಫಜಲಪುರ: ಕಬ್ಬು ಹೊಡದ ಗಾಡಿ ಎಲ್ಲಾ ಕೆಟ್ಟ ಅಂದಂಗಾಯ್ತು. ನಂದು 7000 ತಾಸು ಆಗ್ಯದ, ಇನ್ನಾ ಎಂಜಿನ್ ಹೆಡ್ ಬಿಚ್ಚಿಲ್ಲ.

ಮಿಸ್ತ್ರಿ: ಹಂಗ ಅಂದಿಲ್ರಿ. 7000 ಅಂತ ಹೇಳಿ ಮಾರಿದ್ರ ತಪ್ಪಿಲ್ಲ. 2140 ಅಂತ ಹೇಳೋದು ತಪ್ಪು.

ಜೇವರ್ಗಿ: ಕೆಂಪು ಗಾಡಿ ತಗೊಂಡ್ರ ಈ ತಲಿನೋವೇ ಇಲ್ಲ.

ಅಫಜಲಪುರ: ಕೆಂಪು ಗಾಡಿ ಎರಿ ಹೊಲದಾಗ ಹುಗುದ್ರ ಎಳಿಯೋದು ನಮ್ಮ ನೀಲಿ ಗಾಡಿನೇ.

ಜೇವರ್ಗಿ: ನಿಮ್ಮ ನೀಲಿ ಗಾಡಿ ಕುಡಿಯೋ ಡೀಸೆಲ್ಲಿನಾಗ ಎರಡು ಹೊಲ ಹರಗ್ತೀನಿ.

ಸುರಪುರ: ನಿಮ್ಮ ಬಣ್ಣದ ಜಗಳ ಆಮ್ಯಾಲ ಮಾಡ್ಕೋರಿ. ಅಣ್ಣಾವ್ರೆ, ನಮ್ಮ ಕಡಿ ನಾರಾಯಣಪುರ ಕಾಲುವಿ ನೀರು, ಎಲ್ಲಾ ಭತ್ತದ ಗದ್ದಿ. ಕೇಜ್ ವೀಲ್ (ರಾಡಿ ಗದ್ದಿಗೆ ಹಾಕೋ ಕಬ್ಬಿಣದ ಗಾಲಿ) ಹಾಕಿ ಓಡಿಸಿದ ಗಾಡಿ, ಏನು ನೋಡ್ಲಿ?

ಮಿಸ್ತ್ರಿ: ಮುಂದಿನ ಹಬ್, ಹಿಂದಿನ ಆಕ್ಸಲ್ ಸೀಲ್. ರಾಡಿ ನೀರು ಅಲ್ಲಿಂದನೇ ಒಳಗ ಹೊಕ್ತದ. ಹಿಂದಿನ ಹೌಸಿಂಗಿನ ಆಯಿಲ್ ಸ್ವಲ್ಪ ಇಳಿಸಿ ನೋಡ್ರಿ, ಬೆಳ್ಳಗಿದ್ರ ನೀರು ಹೊಕ್ಕದ, ಆ ಗಾಡಿ ಬಿಟ್ಟುಬಿಡ್ರಿ. ಮುಂದಿನ ಗಾಲಿ ಜಾಕ್ ಹಚ್ಚಿ ಎತ್ತಿ ಅಲುಗಾಡಿಸಿ ಸಡ್ಲ ಅದನೇನು ನೋಡ್ರಿ. ಲಿಫ್ಟಿಗೆ ರೋಟಾವೇಟರ್ ಏರಿಸಿ ಎಂಜಿನ್ ಬಂದ್ ಮಾಡ್ರಿ, ಲಗೂನೆ ಕೆಳಗ ಕುಂತ್ರ ಹೈಡ್ರಾಲಿಕ್ ಕೆಲಸ ಅದ.

ಬೀದರ: ಜಹೀರಾಬಾದ್ ಕಡಿಂದು ತೆಲಂಗಾಣ ಪಾಸಿಂಗ್ ಗಾಡಿ, ನಮ್ಮ ಬೀದರ ನಂಬರ್ ಕೆಎ 38 ಮಾಡ್ಕೊಳ್ಳಾಕ ಏನು ಬೇಕು? ಟ್ಯಾಕ್ಸ್ ಎಷ್ಟು ಬೀಳ್ತದ?

ಮಿಸ್ತ್ರಿ: ಅಲ್ಲಿನ ಆರ್‌ಟಿಓ ಎನ್‌ಓಸಿ (ತಕರಾರಿಲ್ಲ ಅನ್ನೋ ಪತ್ರ), ಫಾರಂ 28. ಮಾರಾಟಕ್ಕ 29, 30. ಸಾಲ ಇತ್ತಂದ್ರ ಅದು ತೀರಿದ್ದಕ್ಕ ಬ್ಯಾಂಕಿನ ಸಹಿ ಇರೋ 35. ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿ ಜೋಡಿ ನೀವೇ ಕಣ್ಣಾರೆ ಹೊಂದಿಸಿ ನೋಡ್ರಿ.

ಬೀದರ: ಟ್ಯಾಕ್ಸ್ ಹೇಳಿಲ್ರಿ?

ಯಾದಗಿರಿ: ಎಷ್ಟು ತಾಸು ಓಡಿದ ಗಾಡಿ ಛಲೋ ಅಣ್ಣಾ?

ಮಿಸ್ತ್ರಿ: ಮ್ಯಾಲ ಹೇಳೀನಿ.

ಶಹಾಪುರ: 3000 ತಾಸಿಂದು ತಗೋಬಹುದಾ?

ಮಿಸ್ತ್ರಿ: ಮ್ಯಾಲ ಓದ್ರಿ.

ಆಳಂದ: ಗೇರ್ ಬಾಕ್ಸ್ ಸಪ್ಪಳ ಬಂದ್ರ ಕಟಗಿ ಪುಡಿ ಹಾಕ್ಬೇಕು ಅಂತ ಇನ್ನೊಂದು ಫಾರ್ವರ್ಡ್...

ಮಿಸ್ತ್ರಿ: ಇನ್ನೊಂದು ಫಾರ್ವರ್ಡ್ ಹಾಕಿದ್ರ ನಾ ಗುಂಪು ಬಿಡ್ತೀನಿ. ಆ ಪುಡಿ ಹಾಕಿ ಸಪ್ಪಳ ಮುಚ್ಚಿ ಮಾರಿದ ಗಾಡಿ ಹೋದ ವಾರ ನನ್ನ ಶೆಡ್ಡಿಗೆ ಬಂತು. ಆಯಿಲ್ ಇಳಿಸಿದ್ರ ಅಂಬಲಿ ಹಂಗ ಬಿತ್ತು, ಎರಡು ಬೇರಿಂಗ್ ಪುಡಿ ಆಗಿದ್ವು. ತಗೊಂಡಾವ ಹೆಂಡ್ತಿ ಬಂಗಾರ ಅಡ ಇಟ್ಟಿದ್ದ.

ಆಳಂದ: ಕೇಳಿದ್ರ ಇಷ್ಟು ಸಿಟ್ಟಾಗ್ತೀರಿ ಯಾಕ?

ಅಡ್ಮಿನ್: ಸಾಕು ಮಾಡ್ರಿ ಇಬ್ಬರೂ.

ಚಿತ್ತಾಪುರ (ಮರುದಿನ ಮುಂಜಾನಿ 8:10): ಅಣ್ಣಾ, ಆರಕ್ಕೇ ಹೋಗಿದ್ದೆ. ಬೆರಳಿಗೆ ಪುಡಿ ಹತ್ತಿತು, ಅರಿಶಿಣದ ವಾಸನಿನೂ ಬಂತು. ಸ್ಟಾರ್ಟ್ ಮಾಡಿದ ಕೂಡಲೇ ಗುಳ್ಳಿ ಏಳಾಕ ಹತ್ತಿದ್ವು, ನಿಲ್ಲಲೇ ಇಲ್ಲ. ಮೀಟರ್ ಬದಲಿ ಮಾಡ್ಸಿದ್ದು ಒಪ್ಪಿಕೊಂಡ್ರು. 15 ಸಾವಿರ ವಾಪಸ್ ಕೊಟ್ರು, 5 ಸಾವಿರ ಕೊಡಂಗಿಲ್ಲ ಅಂತಾರ.

ಮಿಸ್ತ್ರಿ: 15 ತಗೊಂಡು ಮನಿಗೆ ಬಾ ತಮ್ಮಾ. ಮುಂದಿನ ಗಾಡಿ ನೋಡಾಕ ಹೋಗೋ ಹಿಂದಿನ ದಿನ ನನಗ ಹೇಳು, ನಾನೇ ಬರ್ತೀನಿ.