ಮಾರ್ಕೆಟ್‌ಗೂ ಆಗಬೇಕು, ಮೇಲುಕೋಟೆಗೂ ಆಗಬೇಕು: ಯಾವ ಕ್ಯಾರಿಯರ್, ಯಾವ ಬ್ಯಾಗ್?

ಕುವೆಂಪುನಗರ ಸವಾರಿ:
ನಮಸ್ಕಾರ. ನನ್ನದು ಹೈಬ್ರಿಡ್ ಸೈಕಲ್, ಎರಡೂ ಕಡೆ ಡಿಸ್ಕ್ ಬ್ರೇಕ್. ವಾರಕ್ಕೆರಡು ಸಲ ದೇವರಾಜ ಮಾರ್ಕೆಟ್‌ಗೆ ಹೋಗಿ ತರಕಾರಿ ತರುತ್ತೇನೆ. ಇಷ್ಟು ದಿನ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೋಗುತ್ತಿದ್ದೆ. ಮೊನ್ನೆ ಟೊಮೇಟೊ ನಜ್ಜುಗುಜ್ಜಾಗಿ ರಸ ಸೊಂಟದವರೆಗೂ ಇಳಿದಿತ್ತು, ಅಂಗಿ ನೋಡಿ ಅಮ್ಮ ಎಲ್ಲಿ ಬಿದ್ದೆ ಅಂತ ಗಾಬರಿಯಾದರು. ಮುಂದಿನ ತಿಂಗಳು ಮೇಲುಕೋಟೆಗೆ ಹೋಗಿ ಒಂದು ರಾತ್ರಿ ಉಳಿದು ಬರುವ ಆಸೆಯೂ ಇದೆ. ಅಂಗಡಿಯವರು ಸೀಟಿನ ಕೆಳಗಿನ ಪೈಪಿಗೆ ಕಚ್ಚಿಸುವ ಕ್ಯಾರಿಯರ್ ತೋರಿಸಿದರು, ಎರಡೇ ನಿಮಿಷದ ಕೆಲಸವಂತೆ. ತೊಗೊಳ್ಳಲಾ?

ಹಳೇ ಪೆಡಲ್:
ಬೇಡ ಸಾರ್. ಅದು ತಡೆಯುವುದು ಸಾಮಾನ್ಯವಾಗಿ 9-10 ಕೆಜಿ ಅಷ್ಟೇ, ಗುಂಡಿ ಬಿದ್ದ ಕಡೆಯೆಲ್ಲಾ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಪಕ್ಕದಲ್ಲಿ ಆಸರೆ ಕಂಬಿ ಇಲ್ಲದಿದ್ದರೆ ನೇತುಹಾಕಿದ ಬ್ಯಾಗ್ ಕಡ್ಡಿಗಳ ಒಳಗೇ ಹೋಗುತ್ತದೆ.

ಮೊದಲು ಸೈಕಲ್ ನೋಡಿ. ಹಿಂದಿನ ಆಕ್ಸಲ್ ಹತ್ತಿರ ಎರಡು, ಸೀಟಿನ ಕೆಳಗೆ ಎರಡು ತೂತು ಇರಬೇಕು, ಸಾಮಾನ್ಯವಾಗಿ 5 ಮಿಮೀ ಬೋಲ್ಟಿನವು. ಇದ್ದರೆ ಕಾಲು ಕೆಳಗಿನವರೆಗೆ ಬರುವ ಅಲ್ಯೂಮಿನಿಯಂ ಕ್ಯಾರಿಯರ್ ಹಾಕಿ. 25 ಕೆಜಿ ಅಂತ ಅದರ ಮೇಲೇ ಬರೆದಿರುವುದು ಸಿಗುತ್ತದೆ. ಡಿಸ್ಕ್‌ಗೆ ಹೊಂದುವುದನ್ನೇ ಕೇಳಿ. ನಾನು ಇದೊಂದು ನೋಡದೆ ತಂದು, ಕ್ಯಾರಿಯರ್‌ನ ಎಡಗಾಲು ಬ್ರೇಕಿಗೆ ತಾಗಿ, ವಾಷರ್ ಮೇಲೆ ವಾಷರ್ ಸೇರಿಸಿ ಸರ್ಕಸ್ ಮಾಡಿದ್ದೆ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಬೋಲ್ಟೇ ಉದುರಿತ್ತು. ಪಂಚರ್ ಅಂಗಡಿಯವನು ತಂತಿ ಸುತ್ತಿಕೊಟ್ಟ, ಮನೆವರೆಗೂ ಅದರಲ್ಲೇ ಬಂದೆ.

ಮಂಡ್ಯದ್ ಹೈದ:
ನಮ್ಮ ಕಡೆ ಹಾಲಿನವರನ್ನ ನೋಡಿ ಗುರು. ಕ್ಯಾನ್ ಮೇಲೆ ಪೇರಿಸಲ್ಲ, ಎರಡೂ ಪಕ್ಕ ಕೆಳಗೆ ನೇತುಹಾಕ್ತಾರೆ. ಭಾರ ಕೆಳಗಿದ್ದಷ್ಟೂ ಸೈಕಲ್ ಓಲಾಡಲ್ಲ. ಬ್ಯಾಗಿಗೂ ಅದೇ ಲೆಕ್ಕ: ಅಕ್ಕಿ, ತೆಂಗಿನಕಾಯಿ ತಳಕ್ಕೆ, ಟೊಮೇಟೊ ಮೇಲೆ, ಎಡ ಬಲ ತೂಕ ಹೆಚ್ಚೂಕಡಿಮೆ ಒಂದೇ ಇರಲಿ. ಒಂದೇ ಬ್ಯಾಗಾದರೆ ಬಲಕ್ಕೆ ಹಾಕಿ, ಯಾಕಂದರೆ ಸೈಕಲ್ ತಳ್ಳಿಕೊಂಡು ಹೋಗುವಾಗ ನಾವು ಎಡಗಡೆ ನಡೀತೀವಿ, ಎಡಕ್ಕಿದ್ದರೆ ಮೊಣಕಾಲಿಗೆ ಬಡೀತಾನೇ ಇರುತ್ತೆ.

ಬ್ಯಾಗ್ ತೊಗೊಳ್ಳುವಾಗ ಬಟ್ಟೆಗಿಂತ ಕೊಕ್ಕೆ ನೋಡಿ. ಮೇಲಿನ ಕೊಕ್ಕೆಗೆ ಬೀಗ ಥರ ಮುಚ್ಚಿಕೊಳ್ಳುವ ನಾಲಗೆ ಇರಬೇಕು, ಕೆಳಗೊಂದು ಕೊಕ್ಕೆ ಕ್ಯಾರಿಯರ್ ಕಾಲಿಗೆ ಸಿಕ್ಕಬೇಕು. ಇಲ್ಲದಿದ್ದರೆ ರೋಡ್ ಹಂಪಿನ ಮೇಲೆ ಬ್ಯಾಗ್ ಎಗರಿ ಬೀಳುತ್ತೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ 2023ರ ಆಗಸ್ಟ್‌ನಿಂದ ಬೈಕನ್ನೇ ಬಿಡಲ್ಲ, ಸೈಕಲ್ಲಿಗಂತೂ ಜಾಗವೇ ಇಲ್ಲ, ನಮಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಹಂಪಿಗೇನು ಬರ! ಕೊಕ್ಕೆ ಸಡಿಲ ಇದ್ದರೆ ಕಂಬಿಗೆ ಹಳೇ ಟ್ಯೂಬ್ ತುಂಡು ಸುತ್ತಿ. ಲೊಟಲೊಟ ಸದ್ದೂ ನಿಲ್ಲುತ್ತೆ.

ಕುವೆಂಪುನಗರ ಸವಾರಿ:
ನಾಲ್ಕೂ ತೂತು ಇವೆ! ಬಣ್ಣ ತುಂಬಿಕೊಂಡಿತ್ತು, ಉಗುರಲ್ಲಿ ಕೆರೆದ ಮೇಲೆ ಕಾಣಿಸಿತು. ಬ್ಯಾಗ್ ಎಷ್ಟು ದೊಡ್ಡದು ತರಲಿ? ಮೇಲುಕೋಟೆಗೆ ಎರಡು ಬೇಕಾ?

ಹಳೇ ಪೆಡಲ್:
ಒಂದು ರಾತ್ರಿಗೆ ಒಂದೇ ಸಾಕು: ಒಂದು ಜೊತೆ ಬಟ್ಟೆ, ಟ್ಯೂಬು, ಪಂಪು, ಅಲೆನ್ ಕೀ. ಜಾಸ್ತಿ ಜಾಗವಿದ್ದರೆ ಸುಮ್ನೆ ತುಂಬಿಸುತ್ತೀರಿ, ಜಕ್ಕನಹಳ್ಳಿ ದಾಟಿ ಏರು ಹತ್ತುವಾಗ ಒಂದೊಂದೂ ನೆನಪಾಗುತ್ತದೆ. ಬಾಯಿ ಸುರುಳಿ ಸುತ್ತಿ ಮುಚ್ಚುವ ವಾಟರ್‌ಪ್ರೂಫ್ ಬ್ಯಾಗ್ ನೋಡಿ. ಮಾರ್ಕೆಟ್‌ಗೆ ಮಾತ್ರ ಬಾಯಿ ಅಗಲವಿರುವ, ಒಳಗೆ ತೊಳೆಯಬಹುದಾದದ್ದೇ ಒಳ್ಳೆಯದು. ಕೊತ್ತಂಬರಿ ಸೊಪ್ಪಿನ ಮಣ್ಣು ಹೊಲಿಗೆಯಲ್ಲಿ ಕೂತರೆ ಹೋಗುವುದಿಲ್ಲ. ಹಣ ಕೊಡುವ ಮೊದಲು ಸೈಕಲ್ಲಿಗೆ ಹಾಕಿಸಿ, ಹಿಂದಕ್ಕೆ ಪೆಡಲ್ ತಿರುಗಿಸಿ ನೋಡಿ, ಹಿಮ್ಮಡಿ ತಾಗುತ್ತಾ ಅಂತ.

ಕುವೆಂಪುನಗರ ಸವಾರಿ:
ಇವತ್ತು ಹೋಗಿದ್ದೆ. ಮೊದಲ ಬ್ಯಾಗ್ ಹಿಮ್ಮಡಿಗೆ ತಾಗಿತು, ನನ್ನದು ಹತ್ತನೇ ನಂಬರ್ ಪಾದ ಬೇರೆ. ಎರಡು ಬೆರಳು ಹಿಂದಕ್ಕೆ ಸರಿಸಿದ ಮೇಲೆ ಸರಿಹೋಯಿತು. ಬರುವಾಗ ಎರಡು ಕೆಜಿ ಟೊಮೇಟೊ ತಂದೆ, ಒಂದೂ ಒಡೆದಿಲ್ಲ.

ಮಂಡ್ಯದ್ ಹೈದ:
ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿ. ಮೇಲುಕೋಟೆಯಿಂದ ಬರುವಾಗ ಪುಳಿಯೋಗರೆ ಕಟ್ಟಿಸಿಕೊಂಡರೆ ಪೊಟ್ಟಣ ಮೇಲುಗಡೆ ಇಡಿ, ಪಂಪಿನ ಕೆಳಗಲ್ಲ.