ಕಿರ್ಕ್‌ಲ್ಯಾಂಡ್ ಹಿಯರಿಂಗ್ ಏಡ್ ನಿಂತೋದ್ಮೇಲೆ ಮುಂದೇನು?

ಸಿಯಾಟಲ್ ಮಗಳು: ಅಪ್ಪಂಗೆ ಇಲ್ಲಿನ ದೊಡ್ಡ ಅಂಗಡಿ ಕಾಸ್ಟ್‌ಕೋದಲ್ಲಿ ಅವರದೇ ಬ್ರ್ಯಾಂಡ್ ಕಿರ್ಕ್‌ಲ್ಯಾಂಡ್‌ನ ಕೆಎಸ್ 10 ಹಿಯರಿಂಗ್ ಏಡ್ (ಕಿವಿ ಕೇಳಿಸೋ ಯಂತ್ರ) ಕೊಡಿಸಿದ್ವಿ, ಜೋಡಿಗೆ 1,400 ಡಾಲರ್, ಮೊಮ್ಮಗಳ ಮಾತು ಕೇಳಿಸ್ತಿದೆ ಅಂತ ಅವತ್ತು ಕಣ್ಣೀರು ಹಾಕಿದ್ರು. 2022ರಲ್ಲಿ ಅದನ್ನ ನಿಲ್ಸಿಬಿಟ್ರಲ್ಲ, ಇದು ಕೆಟ್ರೆ ಈ ರೇಟಿಗೆ ಮತ್ತೆ ಸಿಗುತ್ತಾ?

ಟೆಕ್ಸಾಸ್ ರಾಯರು: ನಾನೂ ಅದನ್ನೇ ಹಾಕೋದಮ್ಮ. ಅದನ್ನ ಮಾಡ್ತಿದ್ದಿದ್ದು ಫೋನಾಕ್ ಬ್ರ್ಯಾಂಡಿನ ಒಡೆತನ ಇರೋ ಸೊನೋವಾ ಕಂಪನಿ, ಅಂಗಡಿದು ಬರೀ ಹೆಸರು, ಸ್ವಂತ ಫ್ಯಾಕ್ಟರಿ ಇಲ್ದಿದ್ರೆ ಭವಿಷ್ಯ ಇನ್ನೊಬ್ರ ಕೈಲೇ ಇರುತ್ತೆ ನೋಡಿ. ಅದು ನಿಂತ್ಮೇಲೂ ಅಲ್ಲೇ ಜಾಬ್ರಾ, ಫಿಲಿಪ್ಸ್, ರೆಕ್ಸ್‌ಟನ್ ಬ್ರ್ಯಾಂಡಿನವು ಸಿಗ್ತಿದ್ವು, ಜೋಡಿಗೆ 1,500 ಡಾಲರ್ ಆಸುಪಾಸು, ಕ್ಲಿನಿಕ್‌ಗಳಲ್ಲಿ ಕೇಳೋ ನಾಲ್ಕೈದು ಸಾವಿರಕ್ಕಿಂತ ಎಷ್ಟೋ ವಾಸಿ. ಆದ್ರೂ ಕಡಿಮೆ ರೇಟಿನ ಒಂದು ಆಯ್ಕೆ ಹೋಯ್ತಲ್ಲ ಅನ್ನೋ ಸಂಕಟ ನಂಗೂ ಇದೆ.

ಶ್ರವಣ: ಅಂಗಡೀಲಿ ನೇರವಾಗಿ ಕೊಳ್ಳೋ ಒಟಿಸಿ ಹಿಯರಿಂಗ್ ಏಡ್ ಅಗ್ಗ ಅಂತ ದುಡುಕ್ಬೇಡಿ ಅಕ್ಕ. ಅಕ್ಟೋಬರ್ 2022ರಿಂದ ಪರೀಕ್ಷೆ, ಡಾಕ್ಟರ್ ಚೀಟಿ ಏನೂ ಇಲ್ದೆ ಸಿಗುತ್ತೆ ನಿಜ, ಆದ್ರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನ ಒಪ್ಪಿರೋದು 18 ದಾಟಿದವರ ಸ್ವಲ್ಪ ಅಥವಾ ಮಧ್ಯಮ ಮಟ್ಟದ ಕಿವುಡಿಗೆ ಮಾತ್ರ. ಮೊದ್ಲು ಅಪ್ಪನ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ವರದಿ) ಕಾಪಿ ಇಸ್ಕೊಂಡು ಇಟ್ಕೊಳ್ಳಿ, ಎಲ್ಲಿಗೆ ಹೋದ್ರೂ ಬೇಕಾಗುತ್ತೆ.

ಸಿಯಾಟಲ್ ಮಗಳು: ಥ್ಯಾಂಕ್ಸ್, ನಾಳೇನೇ ಕೇಳ್ತೀನಿ. ಅಪ್ಪ ಮೈಸೂರಿಗೆ ವಾಪಸ್ ಹೋಗ್ತಾರೆ, ಅಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಲೂ ಒಂದ್ಸಲ ತೋರಿಸ್ಬೇಕು.